ಪದಗಳ ಗಳಿಕೆ

ಸಂತೆಗೆ ಹೋಗುವವನ ಬಳಿ ಹಣವಿರಬೇಕು. ಸಭೆಗೆ ಹೋಗುವವನ ಬಳಿ ಮಾತಿರಬೇಕು. ಹಣವಿಲ್ಲದವನು ಅಂಗಡಿಯ ಮುಂದೆ ನಿಂತು ತನಗೆ ಬೇಕಾದ ವಸ್ತುವನ್ನು ಕಣ್ತುಂಬ ನೋಡಬಹುದೇ ಹೊರತು ಕೈಗೆ ತೆಗೆದುಕೊಳ್ಳಲಾರನು. ಪದಗಳಿಲ್ಲದವನ ಸ್ಥಿತಿಯೂ ಹೀಗೆಯೇ. ಮನಸ್ಸಿನಲ್ಲಿ ವಿಚಾರವಿರುತ್ತದೆ, ಉತ್ತರವೂ ಹೊಳೆದಿರುತ್ತದೆ. ನಾಲಗೆಗೆ ಮಾತ್ರ ಏನೂ ಎಟುಕುವುದಿಲ್ಲ. ಮಾತೃಭಾಷೆಯಲ್ಲಿ ಈ ಬಡತನ ಅಷ್ಟಾಗಿ ಬಾಧಿಸುವುದಿಲ್ಲ. ತಾಯಿಯ ಮಡಿಲಲ್ಲಿ, ಅಂಗಳದ ಆಟದಲ್ಲಿ, ಹಬ್ಬದ ಹಾಡಿನಲ್ಲಿ ಸಾವಿರಾರು ಪದಗಳು ಯಾರೂ ಕೂರಿಸಿ ಕಲಿಸದೆಯೇ ಬಂದು ಸೇರಿರುತ್ತವೆ. ಎರಡನೆಯ ಭಾಷೆಯ ವಿಷಯದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಪದವನ್ನೂ ದುಡಿದು ಗಳಿಸಬೇಕಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಪ್ರೌಢಶಾಲೆಯ ಓದನ್ನು ಮುಗಿಸಿ, ವಿಜ್ಞಾನವನ್ನು ಕಲಿಯುವ ಆಸೆಯಿಂದ ಕಾಲೇಜಿಗೆ ಸೇರುವ ವಿದ್ಯಾರ್ಥಿಗೆ ಈ ದುಡಿಮೆಯ ಅಗತ್ಯ ಮೊದಲ ವಾರದಲ್ಲಿಯೇ ಅರಿವಾಗುತ್ತದೆ. ಹಸಿರೆಲೆಯು ಸೂರ್ಯನ ಬೆಳಕಿನ ನೆರವಿನಿಂದ ಆಹಾರವನ್ನು ತಯಾರಿಸಿಕೊಳ್ಳುವ ಬಗೆಯನ್ನು ಅವನು ಚೆನ್ನಾಗಿ ಬಲ್ಲನು. ಅದಕ್ಕೆ ದ್ಯುತಿಸಂಶ್ಲೇಷಣೆ ಎಂದು ಹೆಸರೆಂಬುದನ್ನು ಅರಿತಿರುತ್ತಾನೆ. ಚಿತ್ರ ಬರೆದು ವಿವರಿಸಲೂ ಬಲ್ಲನು. ಆದರೆ ಕಾಲೇಜಿನ ಕರಿಹಲಗೆಯ ಮೇಲೆ ‘ಫೋಟೋಸಿಂಥೆಸಿಸ್’ ಎಂಬ ಪದವನ್ನು ಕಂಡಾಗ, ಹಳೆಯ ಗೆಳೆಯನೇ ವೇಷ ಮರೆಸಿಕೊಂಡು ಬಂದಂತಾಗಿ ಅವನಿಗೆ ಗುರುತು ಹತ್ತುವುದಿಲ್ಲ. ಅಧ್ಯಾಪಕರು ಪ್ರಶ್ನೆ ಕೇಳಿದಾಗ ಉತ್ತರ ತಿಳಿದಿದ್ದೂ ತಲೆ ತಗ್ಗಿಸುತ್ತಾನೆ. ಹೀಗೆ ನಾಲ್ಕು ದಿನ ಮೌನವಾಗಿ ಕುಳಿತವನು ಐದನೆಯ ದಿನ ತನ್ನ ಬುದ್ಧಿಯನ್ನೇ ಸಂದೇಹಿಸತೊಡಗುತ್ತಾನೆ. ಪದಗಳ ಕೊರತೆಯನ್ನು ಬುದ್ಧಿಯ ಕೊರತೆಯೆಂದು ಬಗೆಯುವಂತೆ ಮಾಡುವುದೇ ಈ ಬಡತನದ ಅತ್ಯಂತ ಕ್ರೂರವಾದ ಪರಿಣಾಮ. ಆದರೆ ಇದು ಹುಟ್ಟಿನಿಂದ ಬಂದು ಸಾಯುವವರೆಗೂ ಉಳಿಯುವ ಬಡತನವಲ್ಲ. ದುಡಿಯುವ ಬಗೆಯನ್ನು ಅರಿತವನು ಇದನ್ನು ನೀಗಿಕೊಳ್ಳಬಲ್ಲನು.

ಇಂಗ್ಲಿಷ್ ಪದಗಳ ಕಡಲು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಲಂಡನ್ನಿನಲ್ಲಿ ಪ್ರಕಟಿಸಿದ ಪ್ರಸಿದ್ಧ ನಿಘಂಟಿನಲ್ಲಿ ಸುಮಾರು 42,000 ಪದಗಳಿದ್ದುವು. 1884ರಿಂದ ಕಂತು ಕಂತಾಗಿ ಹೊರಬಂದು 1928ರಲ್ಲಿ ಪೂರ್ಣಗೊಂಡ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 4 ಲಕ್ಷಕ್ಕೂ ಹೆಚ್ಚು ಪದಗಳಿಗೆ ಅರ್ಥ ಹೇಳಿತು. ಅದರ ಪ್ರಧಾನ ಸಂಪಾದಕರಾಗಿದ್ದ ಜೇಮ್ಸ್ ಮರ್ರೆ ಕೊನೆಯ ಕಂತನ್ನು ಕಾಣುವ ಮೊದಲೇ, 1915ರಲ್ಲಿ, ತೀರಿಕೊಂಡರು. ಒಬ್ಬ ಪಂಡಿತನ ಆಯುಷ್ಯಕ್ಕೂ ಮೀರಿದ ಈ ರಾಶಿಯನ್ನು ಕಂಡು ಹೊಸಬನು ಎದೆಗುಂದುವುದು ಸಹಜ. ಆದರೆ ಕಡಲನ್ನು ಕುಡಿದು ಮುಗಿಸಬೇಕೆಂದು ಯಾರೂ ಕೇಳಿಲ್ಲ. ಅದರಲ್ಲಿ ಈಜಲು ಕಲಿತರೆ ಸಾಕು.

ಈ ಮಾತಿಗೆ ಸಮಾಧಾನಕರವಾದ ಆಧಾರವೊಂದುಂಟು. ಢಾಕಾದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಶಿಕ್ಷಣತಜ್ಞರು ಬಂಗಾಳದ ಮಕ್ಕಳು ಇಂಗ್ಲಿಷ್ ಕಲಿಯುವಾಗ ಪಡುವ ಕಷ್ಟವನ್ನು ಹತ್ತಿರದಿಂದ ಕಂಡವರು. ಭಾಷೆಯಲ್ಲಿ ಮತ್ತೆ ಮತ್ತೆ ಬರುವ ಪದಗಳು ಯಾವುವು ಎಂಬುದನ್ನು ಆರಿಸಿ, ಸುಮಾರು 2000 ಪದಗಳ ಪಟ್ಟಿಯೊಂದನ್ನು ಅವರು 1953ರಲ್ಲಿ ಪ್ರಕಟಿಸಿದರು. ಸಾಮಾನ್ಯ ಬರಹದ ನೂರು ಪದಗಳಲ್ಲಿ ಸುಮಾರು ಎಂಬತ್ತು ಈ ಪಟ್ಟಿಯವೇ ಆಗಿರುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿಗೆ ಇವುಗಳಲ್ಲಿ ಬಹುಪಾಲು ಆಗಲೇ ಪರಿಚಿತ. ಕಷ್ಟವಿರುವುದು ಉಳಿದ ಇಪ್ಪತ್ತರಲ್ಲಿ. ಬರಹದ ತಿರುಳೆಲ್ಲ ಅಡಗಿರುವುದೂ ಆ ಇಪ್ಪತ್ತರಲ್ಲಿಯೇ. ಈ ಪ್ರೌಢ ಪದಗಳು ಪದೇ ಪದೇ ಕಣ್ಣಿಗೆ ಬೀಳುವುದಿಲ್ಲ. ಹತ್ತು ಪುಟಕ್ಕೊಮ್ಮೆ, ನೂರು ಪುಟಕ್ಕೊಮ್ಮೆ ಬರುವ ಪದವೊಂದು ಮನೆಯ ಪದವಾಗಬೇಕಾದರೆ ಸಾವಿರಾರು ಪುಟಗಳನ್ನು ಓದಬೇಕು. ಆದ್ದರಿಂದ ಪದಸಂಪತ್ತಿನ ಮೊದಲ ಗಣಿ ಓದು. ಕಥೆ, ಪ್ರವಾಸ, ಜೀವನಚರಿತ್ರೆ, ವೃತ್ತಪತ್ರಿಕೆ ಹೀಗೆ ಯಾವುದೇ ಇರಲಿ, ಅರ್ಧ ಅರ್ಥವಾಗಿ ಅರ್ಧ ಊಹೆಗೆ ಉಳಿಯುವಷ್ಟು ಕಠಿನವಾದುದನ್ನಲ್ಲ, ಪುಟಕ್ಕೆ ನಾಲ್ಕಾರು ಹೊಸ ಪದಗಳಿರುವಂಥದನ್ನು ಆರಿಸಿಕೊಂಡರೆ ಓದುವವನ ಉತ್ಸಾಹ ಕುಗ್ಗುವುದಿಲ್ಲ.

ಓದಿದ್ದೆಲ್ಲ ಕೈಗೆ ಉಳಿಯಲು ಬರವಣಿಗೆಯ ನೆರವು ಬೇಕು. ಇದಕ್ಕೆ ಬೆಂಜಮಿನ್ ಫ್ರಾಂಕ್ಲಿನ್ನನ ಬಾಲ್ಯವು ಉತ್ತಮ ನಿದರ್ಶನ. ಸಿಡಿಲಿನಿಂದ ಕಟ್ಟಡಗಳನ್ನು ಕಾಪಾಡುವ ಲೋಹದ ಕಂಬಿಯನ್ನು ಕಂಡುಹಿಡಿದವನೆಂದೂ, 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಸಿದ್ಧಪಡಿಸಿದ ಸಮಿತಿಯ ಸದಸ್ಯನೆಂದೂ ಲೋಕ ಅವನನ್ನು ನೆನೆಯುತ್ತದೆ. ಅವನ ಶಾಲೆಯ ಓದು ಹತ್ತನೆಯ ವಯಸ್ಸಿಗೇ ನಿಂತಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಅವನು ಬಾಸ್ಟನ್ ನಗರದಲ್ಲಿ ಅಣ್ಣನ ಮುದ್ರಣಾಲಯಕ್ಕೆ ಕೆಲಸ ಕಲಿಯಲು ಸೇರಿದನು. ಅಲ್ಲಿದ್ದಾಗ ಇಂಗ್ಲೆಂಡಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಪ್ರಬಂಧಗಳ ಬಿಡಿ ಸಂಪುಟವೊಂದು ಅವನ ಕೈಸೇರಿತು. ಆ ಬರಹದ ಸೊಗಸಿಗೆ ಮನಸೋತ ಹುಡುಗನು ಅದನ್ನು ಬಾಯಿಪಾಠ ಮಾಡಲಿಲ್ಲ. ಪ್ರತಿ ವಾಕ್ಯದ ಭಾವವನ್ನು ಎರಡು ಮೂರು ಮಾತುಗಳಲ್ಲಿ ಗುರುತು ಹಾಕಿಕೊಂಡು, ಪುಸ್ತಕವನ್ನು ಮುಚ್ಚಿ, ಕೆಲವು ದಿನ ಸುಮ್ಮನಿದ್ದನು. ಬಳಿಕ ಆ ಗುರುತುಗಳ ಆಧಾರದಿಂದ ಇಡೀ ಪ್ರಬಂಧವನ್ನು ತನ್ನ ಮಾತುಗಳಲ್ಲಿ ಬರೆದು, ಮೂಲದೊಂದಿಗೆ ಹೋಲಿಸಿ, ತನ್ನ ತಪ್ಪುಗಳನ್ನು ತಾನೇ ತಿದ್ದಿಕೊಂಡನು.

ಹೀಗೆ ಹೋಲಿಸಿದಾಗ ಅವನಿಗೆ ತನ್ನ ಕೊರತೆ ಸ್ಪಷ್ಟವಾಯಿತು. ಬೇಕೆನಿಸಿದಾಗ ಒದಗುವಷ್ಟು ಪದಗಳ ಸಂಗ್ರಹ ಅವನಲ್ಲಿರಲಿಲ್ಲ. ಅದಕ್ಕೆ ಅವನು ಒಂದು ಜಾಣ ಉಪಾಯವನ್ನು ಹೂಡಿದನು. ಗದ್ಯದ ಕಥೆಗಳನ್ನು ಪದ್ಯವಾಗಿಸಿ, ಗದ್ಯದ ರೂಪ ಮರೆತುಹೋದ ಮೇಲೆ ಆ ಪದ್ಯವನ್ನು ಮತ್ತೆ ಗದ್ಯಕ್ಕೆ ತಿರುಗಿಸಿದನು. ಪದ್ಯ ಬರೆಯುವವನಿಗೆ ಒಂದೇ ಅರ್ಥದ, ಆದರೆ ಬೇರೆ ಬೇರೆ ಅಳತೆಯ ಮತ್ತು ಬೇರೆ ಬೇರೆ ಧ್ವನಿಯ ಪದಗಳು ಬೇಕಾಗುತ್ತವೆ. ಛಂದಸ್ಸು ಒಂದು ಪದವನ್ನು ನಿರಾಕರಿಸಿದರೆ ಅವನು ಇನ್ನೊಂದನ್ನು ಹುಡುಕಲೇಬೇಕು. ಹೀಗೆ ಹುಡುಕಿ ಪಡೆದ ಪದ ಮರೆತುಹೋಗುವುದಿಲ್ಲ. ಹಗಲೆಲ್ಲ ದುಡಿಮೆಯಾದ್ದರಿಂದ ಅವನು ಈ ಸಾಧನೆಗೆ ಆರಿಸಿಕೊಂಡದ್ದು ರಾತ್ರಿಯನ್ನು, ಬೆಳಗಿನ ಜಾವವನ್ನು ಮತ್ತು ಭಾನುವಾರವನ್ನು. ಕೆಲವೊಮ್ಮೆ ಸಣ್ಣಪುಟ್ಟ ವಿಷಯಗಳಲ್ಲಿ ತನ್ನ ವಾಕ್ಯವೇ ಮೂಲಕ್ಕಿಂತ ಮಿಗಿಲಾಯಿತೇನೋ ಎಂದು ಅವನಿಗೆ ಅನಿಸಿದ್ದುಂಟು. ಆ ಸಂತೋಷವೇ ಅವನ ಸಂಬಳ.

ಇನ್ನೊಂದು ನಿದರ್ಶನ ಇದಕ್ಕಿಂತ ಕಠಿನವಾದುದು. ಅಮೆರಿಕದ ಕರಿಯ ಜನರ ಹಕ್ಕಿಗಾಗಿ ಗುಡುಗಿದ ಮಾಲ್ಕಮ್ ಎಕ್ಸ್ ಯೌವನದಲ್ಲಿ ದಾರಿ ತಪ್ಪಿ, ಕಳ್ಳತನದ ಅಪರಾಧಕ್ಕಾಗಿ 1946ರಿಂದ 1952ರವರೆಗೆ ಸೆರೆಮನೆಯಲ್ಲಿದ್ದನು. ಎಂಟನೆಯ ತರಗತಿಯನ್ನು ದಾಟದ ಅವನು ಬೀದಿಯ ಮಾತಿನಲ್ಲಿ ಚತುರನಾಗಿದ್ದರೂ, ಮನಸ್ಸಿನಲ್ಲಿದ್ದುದನ್ನು ಪತ್ರದಲ್ಲಿ ಬರೆಯಲು ಕುಳಿತಾಗ ಕೈ ಸೋತುಹೋಗುತ್ತಿತ್ತು. ಪುಸ್ತಕ ಹಿಡಿದರೆ ವಾಕ್ಯ ವಾಕ್ಯದಲ್ಲಿಯೂ ತಿಳಿಯದ ಪದಗಳು. ಆಗ ಅವನು ಒಂದು ನಿಘಂಟನ್ನೂ ಕೆಲವು ಕಾಗದ, ಪೆನ್ಸಿಲುಗಳನ್ನೂ ಕೇಳಿ ಪಡೆದನು. ಯಾವ ಪದವನ್ನು ಕಲಿಯಬೇಕೆಂದು ತಿಳಿಯದೆ ಎರಡು ದಿನ ಪುಟಗಳನ್ನು ಮಗುಚಿ ನೋಡಿ, ಕೊನೆಗೆ ಮೊದಲ ಪುಟದಿಂದಲೇ ನಕಲು ಮಾಡತೊಡಗಿದನು. ಒಂದು ಪುಟಕ್ಕೆ ಒಂದು ದಿನ ಹಿಡಿಯಿತು. ಬರೆದುದನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಂಡನು. ಮರುದಿನ ಎದ್ದಾಗ, ಲೋಕದಲ್ಲಿವೆಯೆಂದೇ ತಿಳಿಯದಿದ್ದ ಪದಗಳನ್ನು ತನ್ನ ಕೈಯಾರೆ ಬರೆದೆನೆಂಬ ಹೆಮ್ಮೆ ಅವನಲ್ಲಿತ್ತು. ಗೆದ್ದಲು ತಿನ್ನುವ, ಉದ್ದ ಕಿವಿಯ, ಬಿಲ ತೋಡುವ ‘ಆರ್ಡ್‌ವಾರ್ಕ್’ ಎಂಬ ಆಫ್ರಿಕದ ಪ್ರಾಣಿಯ ಹೆಸರು ಆ ಮೊದಲ ಪುಟದಿಂದ ಅವನ ನೆನಪಿನಲ್ಲಿ ಬಹುಕಾಲ ಉಳಿಯಿತು. ಪುಟದಿಂದ ಪುಟಕ್ಕೆ ಸಾಗಿ ಅವನು ಇಡೀ ನಿಘಂಟನ್ನೇ ಬರೆದು ಮುಗಿಸಿದನು.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆ ಕನ್ನಡದಲ್ಲಿದೆ. ದೇಶ ಸುತ್ತಲಾಗದ ಈ ಸೆರೆಯಾಳು ಕೋಶವನ್ನೇ ಓದಿದನು. ರಾತ್ರಿ ಹತ್ತು ಗಂಟೆಗೆ ದೀಪವಾರಿದ ಮೇಲೆ ಹೊರಗಿನ ಓಣಿಯಿಂದ ಬರುವ ಮಸುಕು ಬೆಳಕಿನಲ್ಲಿ ಓದು ಮುಂದುವರಿಯಿತು. ಕಾವಲುಗಾರನ ಹೆಜ್ಜೆ ಕೇಳಿದೊಡನೆ ಹಾಸಿಗೆಗೆ ಹಾರಿ ನಿದ್ರೆಯ ನಟನೆ, ಅವನು ದಾಟಿದೊಡನೆ ಮತ್ತೆ ಪುಸ್ತಕ. ಸೆರೆಮನೆಯಿಂದ ಹೊರಬಂದಾಗ ಅವನು ಯಾವ ಸಭೆಯನ್ನಾದರೂ ಎದುರಿಸಬಲ್ಲ ವಾಗ್ಮಿಯಾಗಿದ್ದನು. 1965ರಲ್ಲಿ ಅವನ ಕೊಲೆಯಾಯಿತು. ಅದೇ ವರ್ಷ ಪ್ರಕಟವಾದ ಅವನ ಆತ್ಮಕಥೆಯಲ್ಲಿ ಈ ಓದಿನ ವೃತ್ತಾಂತವೆಲ್ಲ ಇದೆ. ನಿಘಂಟನ್ನು ನಕಲು ಮಾಡುವುದು ಎಲ್ಲರಿಗೂ ತಕ್ಕ ಮಾರ್ಗವಲ್ಲ. ಅವನನ್ನು ವಾಗ್ಮಿಯಾಗಿ ಮಾಡಿದ್ದೂ ಆ ನಕಲೊಂದೇ ಅಲ್ಲ. ಅದರ ಬೆನ್ನಿಗೆ ಬಂದ ಅಪಾರವಾದ ಓದು, ಓದಿದ್ದನ್ನು ಚರ್ಚೆಯಲ್ಲಿ ಬಳಸಿದ ಛಲ. ಆದರೂ, ಮಾತಿಲ್ಲದ ಬಾಳು ಎಷ್ಟು ಇಕ್ಕಟ್ಟಾದುದೆಂಬುದನ್ನು ಸೆರೆಯ ಗೋಡೆಗಳ ನಡುವೆ ಅರಿತವನ ಹಸಿವು ಅದರಲ್ಲಿ ಕಾಣುತ್ತದೆ.

ಒಮ್ಮೆ ಗಳಿಸಿದ್ದನ್ನು ಉಳಿಸಿಕೊಳ್ಳುವ ಬಗೆಯೂ ಮುಖ್ಯ. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಅಳೆದು, 1885ರಲ್ಲಿ ಆ ಫಲಿತಾಂಶವನ್ನು ಪ್ರಕಟಿಸಿದನು. ಮರೆವು ಮೊದಲ ಗಂಟೆಗಳಲ್ಲಿಯೇ ಅತಿ ವೇಗವಾಗಿರುತ್ತದೆ, ಬಳಿಕ ನಿಧಾನವಾಗುತ್ತದೆ; ಬಿಡುವು ಕೊಟ್ಟು ಮತ್ತೆ ಮತ್ತೆ ನೆನೆದುದು ಹೆಚ್ಚು ಕಾಲ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ನೂರು ಪದಗಳನ್ನು ಉರು ಹೊಡೆಯುವುದಕ್ಕಿಂತ, ಇಂದು ಕಂಡ ಐದು ಪದಗಳನ್ನು ನಾಳೆ ಒಮ್ಮೆ, ವಾರದ ಬಳಿಕ ಒಮ್ಮೆ, ತಿಂಗಳ ಬಳಿಕ ಒಮ್ಮೆ ನೆನೆಯುವುದು ಮೇಲು. ಇಂದು ನಿಘಂಟು ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿಗೇ ಬಂದಿದೆ. ಬೆರಳು ತಾಗಿಸಿದೊಡನೆ ಅರ್ಥ ಮೂಡುತ್ತದೆ. ಆದರೆ ಸುಲಭವಾಗಿ ಬಂದ ಅರ್ಥ ಅಷ್ಟೇ ಸುಲಭವಾಗಿ ಜಾರಿಹೋಗುತ್ತದೆ. ಒಂದು ಪುಟ್ಟ ಪುಸ್ತಕದಲ್ಲಿ ಪದವನ್ನೂ, ಅದು ಕಂಡುಬಂದ ವಾಕ್ಯವನ್ನೂ, ತಾನೇ ಕಟ್ಟಿದ ಇನ್ನೊಂದು ವಾಕ್ಯವನ್ನೂ ಬರೆದಿಟ್ಟುಕೊಳ್ಳುವ ಹಳೆಯ ಪದ್ಧತಿ ಇಂದಿಗೂ ಸೋತಿಲ್ಲ.

ಪದವನ್ನು ವಾಕ್ಯದೊಂದಿಗೇ ಬರೆದುಕೊಳ್ಳಬೇಕೆಂಬುದಕ್ಕೆ ಕಾರಣವುಂಟು. ಪದಗಳೂ ಮನುಷ್ಯರಂತೆ ತಮ್ಮ ಸಂಗಾತಿಗಳನ್ನು ತಾವೇ ಆರಿಸಿಕೊಳ್ಳುತ್ತವೆ. ಕನ್ನಡದಲ್ಲಿ ಮಳೆ ಸುರಿಯುತ್ತದೆ, ಗಾಳಿ ಬೀಸುತ್ತದೆ. ಗಾಳಿ ಸುರಿಯಿತೆಂದರೆ ಮಕ್ಕಳೂ ನಗುತ್ತಾರೆ. ಹಾಗೆಯೇ ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಚಹ ‘ಸ್ಟ್ರಾಂಗ್’. ಇವನ್ನು ಅದಲುಬದಲು ಮಾಡಿದರೆ ವ್ಯಾಕರಣ ಸರಿಯಿದ್ದರೂ ಮಾತು ಸರಿಯಾಗುವುದಿಲ್ಲ. ಸಂಗಾತಿಗಳನ್ನರಿಯದೆ ಪದವನ್ನು ಬಳಸುವವರ ಪಾಡನ್ನು ಷೆರಿಡನ್ ಎಂಬ ನಾಟಕಕಾರ 1775ರಲ್ಲಿ ‘ದಿ ರೈವಲ್ಸ್’ ಎಂಬ ನಾಟಕದಲ್ಲಿ ಚಿತ್ರಿಸಿದ್ದಾನೆ. ಅದರಲ್ಲಿ ಬರುವ ಮಿಸೆಸ್ ಮ್ಯಾಲಪ್ರಾಪ್ ಎಂಬ ಹೆಂಗಸಿಗೆ ದೊಡ್ಡ ಪದಗಳ ಮೇಲೆ ಬಲು ಮೋಹ. ನೈಲ್ ನದಿಯ ದಡದ ಮೊಸಳೆಯನ್ನು ‘ಆಲಿಗೇಟರ್’ ಎನ್ನಬೇಕೆಂದುಕೊಂಡು ಆಕೆ ‘ಆಲಿಗರಿ’ ಎನ್ನುತ್ತಾಳೆ. ಆ ಪದದ ಅರ್ಥ ಅನ್ಯೋಕ್ತಿಯ ಕಥೆ! ಇಂಥ ಎಡವಟ್ಟು ಮಾತಿಗೆ ಇಂಗ್ಲಿಷಿನಲ್ಲಿ ಆಕೆಯ ಹೆಸರೇ ನಿಂತುಬಿಟ್ಟಿದೆ.

ಕನ್ನಡದ ವಿದ್ಯಾರ್ಥಿಯ ಕೈಯಲ್ಲಿ ಒಂದು ಬೀಗದ ಕೈ ಆಗಲೇ ಇದೆ. ಅದನ್ನು ಅವನು ಗಮನಿಸಿರುವುದಿಲ್ಲ. ‘ಹಾರ’ ಎಂಬುದರ ಮುಂದೆ ಬೇರೆ ಬೇರೆ ಉಪಸರ್ಗಗಳು ಸೇರಿದಾಗ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಪದಗಳಾಗುವುದನ್ನು ಅವನು ವ್ಯಾಕರಣದ ಪಾಠದಲ್ಲಿ ಕಲಿತಿರುತ್ತಾನೆ. ಇಂಗ್ಲಿಷಿನ ಪ್ರೌಢ ಪದಗಳಲ್ಲಿ ಅನೇಕವು ಲ್ಯಾಟಿನ್ ಮತ್ತು ಗ್ರೀಕ್ ಧಾತುಗಳಿಂದ ಇದೇ ರೀತಿ ಬೆಳೆದಿವೆ. ಲ್ಯಾಟಿನ್ನಿನಲ್ಲಿ ‘ಪೋರ್ಟ್’ ಎಂದರೆ ಹೊರುವುದು. ಒಳಕ್ಕೆ ಹೊತ್ತು ತಂದರೆ ಇಂಪೋರ್ಟ್, ಹೊರಕ್ಕೆ ಒಯ್ದರೆ ಎಕ್ಸ್‌ಪೋರ್ಟ್, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೆ ಟ್ರಾನ್ಸ್‌ಪೋರ್ಟ್. ಹೊರೆ ಹೊರುವವನು ಪೋರ್ಟರ್. ಗ್ರೀಕಿನ ‘ಟೆಲಿ’ ಎಂದರೆ ದೂರ. ಟೆಲಿಫೋನ್ ದೂರವಾಣಿಯಾಗಿ, ಟೆಲಿವಿಷನ್ ದೂರದರ್ಶನವಾಗಿ ಕನ್ನಡಕ್ಕೆ ಬಂದದ್ದು ಹೀಗೆ. ಕರಿಹಲಗೆಯ ಮೇಲೆ ಹೆದರಿಸಿದ ಫೋಟೋಸಿಂಥೆಸಿಸ್ ಕೂಡ ಬಿಡಿಸಿದರೆ ಇಷ್ಟೇ: ‘ಫೋಟೋ’ ಎಂದರೆ ಬೆಳಕು, ಅದೇ ದ್ಯುತಿ; ‘ಸಿಂಥೆಸಿಸ್’ ಎಂದರೆ ಕೂಡಿಸುವುದು, ಅದೇ ಸಂಶ್ಲೇಷಣೆ. ಕನ್ನಡದ ಪದವನ್ನು ಅರ್ಥವರಿತು ಕಲಿತವನಿಗೆ ಇಂಗ್ಲಿಷಿನ ಪದ ಅರ್ಧ ಕಲಿತಂತೆಯೇ. ಆದರೆ ಈ ಬೀಗದ ಕೈಯನ್ನು ಎಚ್ಚರದಿಂದ ತಿರುಗಿಸಬೇಕು. ‘ಇನ್‌ವಿಸಿಬಲ್’ ಎಂಬಲ್ಲಿ ‘ಇನ್’ ಎಂದರೆ ಅಲ್ಲ, ಇಲ್ಲ. ಕಣ್ಣಿಗೆ ಕಾಣದ್ದು ಎಂದರ್ಥ. ಪೆಟ್ರೋಲ್ ಸಾಗಿಸುವ ಲಾರಿಯ ಮೇಲೆ ಬರೆದಿರುವ ‘ಇನ್‌ಫ್ಲೇಮಬಲ್’ ಎಂಬುದನ್ನು ಹಾಗೆಯೇ ಬಿಡಿಸಿ, ಉರಿಯದ್ದು ಎಂದು ತಿಳಿದರೆ ಅನಾಹುತವಾದೀತು. ಅದರ ಅರ್ಥ ಸುಲಭವಾಗಿ ಉರಿಯುವಂಥದು ಎಂದು.

ಒಂದೇ ಅರ್ಥಕ್ಕೆ ಹಲವು ಪದಗಳಿರುವುದೂ ಹೊಸಬನನ್ನು ಕಂಗೆಡಿಸುತ್ತದೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ಅರಸನು ಇಂಗ್ಲೆಂಡನ್ನು ಗೆದ್ದ ಬಳಿಕ ಅಲ್ಲಿನ ಜನರ ನುಡಿಯೊಂದಿಗೆ ಫ್ರೆಂಚ್ ಬೆರೆಯಿತು. ಪಂಡಿತರ ಮೂಲಕ ಲ್ಯಾಟಿನ್ ಸೇರಿತು. ಕೇಳುವುದಕ್ಕೆ ‘ಆಸ್ಕ್’ ಎಂಬುದು ಮನೆಯ ಮಾತು, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದುದು, ‘ಇಂಟರಾಗೇಟ್’ ಲ್ಯಾಟಿನ್ನಿನದು. ತಾಯಿ ಕೇಳುವುದು ಮೊದಲನೆಯದರಂತೆ, ಆರಕ್ಷಕರು ಕೇಳುವುದು ಮೂರನೆಯದರಂತೆ. ಕನ್ನಡಿಗರಿಗೆ ಈ ಸೂಕ್ಷ್ಮ ಹೊಸದಲ್ಲ. ಬಾಯಾರಿದವನು ನೀರು ಕೇಳುತ್ತಾನೆ. ಭೂಗೋಳದ ಪುಸ್ತಕವು ಜಲಾಶಯವೆನ್ನುತ್ತದೆ. ದೇವಾಲಯದಲ್ಲಿ ಅಂಗೈಗೆ ಬೀಳುವುದು ತೀರ್ಥ. ಮೂರೂ ನೀರೇ ಆದರೂ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಲಾರದು.

ಆದುದರಿಂದ ಉದ್ದವಾದ ಪದವೇ ಪ್ರೌಢ ಪದವೆಂಬುದು ಭ್ರಮೆ. ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ ಅವರು ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ, ಒಂದು ವರ್ಷ ಮನೆಯಲ್ಲಿಯೇ ಉಳಿದು ಓದುವುದರಲ್ಲಿ ಬರೆಯುವುದರಲ್ಲಿ ಕಳೆದರು. ಬಳಿಕ ಮಹಾರಾಜಾ ಕಾಲೇಜಿನಲ್ಲಿ ಕಲಿತರು. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅವರ ಮಾಲ್ಗುಡಿಯನ್ನು ಲೋಕಕ್ಕೆ ಪರಿಚಯಿಸಿತು. ಆ ಪುಸ್ತಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಹೆಚ್ಚು ತೊಡಕಿಲ್ಲದೆ ಓದಬಲ್ಲನು. ಸಾವಿರ ಪದಗಳನ್ನು ಅರಿತವನಿಗೆ ಮಾತ್ರ ಅವುಗಳಲ್ಲಿ ತಕ್ಕ ಒಂದನ್ನು ಆರಿಸುವ ಸ್ವಾತಂತ್ರ್ಯವಿರುತ್ತದೆ. ಹಲವು ಬಾರಿ ಹಾಗೆ ಆರಿಸಿದ ಪದ ಎಲ್ಲಕ್ಕಿಂತ ಸರಳವಾದುದೇ ಆಗಿರುತ್ತದೆ. ಒಡವೆಯಿದೆಯೆಂದು ಎಲ್ಲವನ್ನೂ ಒಮ್ಮೆಗೇ ತೊಟ್ಟುಕೊಂಡು ಬೀದಿಗೆ ಬರುವವರನ್ನು ಕಂಡು ಜನ ಮೆಚ್ಚುವುದಿಲ್ಲ.

ಇಂಗ್ಲಿಷಿನ ಪದಗಳನ್ನು ಗಳಿಸಿದರೆ ಕನ್ನಡ ಸೊರಗುವುದೆಂಬ ಅಂಜಿಕೆಗೂ ಆಧಾರವಿಲ್ಲ. ಇಂಗ್ಲಿಷ್ ಭಾಷೆಯೇ ನೆರೆಹೊರೆಯಿಂದ ಪಡೆದು ಬೆಳೆದುದು. ಜಂಗಲ್, ಲೂಟ್, ಬಂಗಲೋ ಎಂಬ ಪದಗಳನ್ನು ಅದು ಭಾರತದಿಂದ ಪಡೆಯಿತು. ‘ಕ್ಯಾಟಮರಾನ್’ ಎಂಬ ದೋಣಿಯ ಹೆಸರು ತಮಿಳಿನಿಂದ ಹೋದುದು. ಅದರಲ್ಲಿರುವ ‘ಕಟ್ಟು’, ‘ಮರ’ ಎಂಬ ಮಾತುಗಳು ಕನ್ನಡದ ಮಗುವಿಗೂ ಗೊತ್ತು. ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಅವರು 1926ರಲ್ಲಿ ಹೊರತಂದ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನು ತೋರಿತು. ಎರಡು ನುಡಿಗಳ ಪದಗಳನ್ನೂ ತೂಗಿ ನೋಡಬಲ್ಲವರಿಂದ ಮಾತ್ರ ಸಾಧ್ಯವಾದ ಕೆಲಸವದು. ಅತ್ತ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಧಾರವಾಡಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು ಕನ್ನಡವನ್ನು ಮೊದಲಿನಿಂದ ಕಲಿತರು. ಅವರು ದಶಕಗಳ ದುಡಿಮೆಯಿಂದ ಸಿದ್ಧಪಡಿಸಿದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಸಾವಿರಾರು ಮೈಲಿ ದೂರದಿಂದ ಬಂದವರಿಗೆ ಕನ್ನಡದ ಪದಗಳು ದಕ್ಕಿದುವೆಂದ ಮೇಲೆ ಕನ್ನಡದ ಮಕ್ಕಳಿಗೆ ಇಂಗ್ಲಿಷಿನ ಪದಗಳು ದಕ್ಕವೆನ್ನುವುದು ಸಲ್ಲದು.

ಪದಸಂಪತ್ತಿನ ವಿಶೇಷವೆಂದರೆ ಅದನ್ನು ಗಳಿಸಲು ಕುಲವೂ ಬೇಡ, ಸಿರಿಯೂ ಬೇಡ. ಮುದ್ರಣಾಲಯದ ಹುಡುಗನಿಗೂ ಸೆರೆಮನೆಯ ಕೈದಿಗೂ ಅದು ಒಲಿದಿದೆ. ತಿಜೋರಿಯಲ್ಲಿಟ್ಟರೆ ಅದು ತುಕ್ಕು ಹಿಡಿಯುತ್ತದೆ. ವೆಚ್ಚ ಮಾಡಿದಷ್ಟೂ ಬೆಳೆಯುತ್ತದೆ. ತಪ್ಪಾದೀತೆಂಬ ಅಂಜಿಕೆಯಿಂದ ಬಾಯಿ ಮುಚ್ಚಿ ಕುಳಿತವನಿಗಿಂತ, ತಪ್ಪಿ ನುಡಿದು ತಿದ್ದಿಕೊಂಡವನು ಬೇಗ ಮುಂದೆ ಹೋಗುತ್ತಾನೆ. ದಿನಕ್ಕೆ ಐದು ಪದಗಳು ಅಲ್ಪವೆಂದು ತೋರಬಹುದು. ಆದರೆ ಹನಿ ಹನಿ ಕೂಡಿ ಹಳ್ಳ, ತೆನೆ ತೆನೆ ಕೂಡಿ ಬಳ್ಳ. ಅಂಥ ಹನಿಗಳು ಕೂಡುತ್ತ ಹೋದಂತೆ ತರಗತಿಯ ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತವರ ಮೌನ ಒಡೆಯುತ್ತದೆ. ಅವರಲ್ಲಿ ಬಹುಕಾಲದಿಂದ ಕಾದಿದ್ದ ವಿಚಾರಗಳಿಗೆ ಹೊರಗೆ ಬರಲು ದಾರಿಯಾಗುತ್ತದೆ.